ಬೇಸ್‌ಮೆಂಟ್ ನೆಲಕ್ಕೆ ಬಿಸಿ: ವಯರು ಹಾಸುವುದೋ, ನೀರು ಹರಿಸುವುದೋ?

ಟೊರೊಂಟೊ, ಶಿಕಾಗೊ, ಡೆಟ್ರಾಯಿಟ್, ಮಿನಿಯಾಪೊಲಿಸ್ ಕಡೆ ಮನೆ ಕೊಂಡ ಕನ್ನಡದವರಿಗೆ ಬೇಸ್‌ಮೆಂಟ್ ಎಂದರೆ ಮೊದಲ ಕೆಲವು ವರ್ಷ ಸೂಟ್‌ಕೇಸು, ಅಕ್ಕಿ ಮೂಟೆ, ಮಕ್ಕಳ ಹಳೇ ಸೈಕಲ್ಲು ಇಡುವ ಜಾಗ. ಊರಿನಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬರುತ್ತಾರೆ ಎಂದಾಗಲೋ, ಕೆಳಗೊಂದು ಮನೆ ಮಾಡಿ ಬಾಡಿಗೆಗೆ ಕೊಡೋಣ ಎನಿಸಿದಾಗಲೋ ಅದು ರೂಮಾಗಬೇಕಾಗುತ್ತದೆ. ಆಗ ಮೊದಲು ತಕರಾರು ತೆಗೆಯುವುದು ನೆಲ. ಮನೆಯೊಳಗೆ ಬರಿಗಾಲಲ್ಲಿ ಓಡಾಡಿ ಅಭ್ಯಾಸವಾದವರಿಗೆ ಜನವರಿಯಲ್ಲಿ ಆ ಕಾಂಕ್ರೀಟ್ ಮೇಲೆ ಎರಡು ನಿಮಿಷ ನಿಲ್ಲುವುದೂ ಕಷ್ಟ. "ಹೀಟೆಡ್ ಫ್ಲೋರ್ ಮಾಡಿಸಿಬಿಡಿ" ಎಂದು ಕಂಟ್ರಾಕ್ಟರ್ ಹೇಳುತ್ತಾನೆ. ಒಬ್ಬ ಕೊಟ್ಟ ಅಂದಾಜಿಗೂ ಇನ್ನೊಬ್ಬನದ್ದಕ್ಕೂ ಅಜಗಜಾಂತರ. ಒಬ್ಬ ಹೇಳಿದ್ದು ಟೈಲ್ಸ್ ಅಡಿಯ ಕರೆಂಟ್ ವಯರಿನ ಲೆಕ್ಕ, ಇನ್ನೊಬ್ಬನದ್ದು ಬಿಸಿನೀರಿನ ಪೈಪಿನ ಲೆಕ್ಕ ಎಂಬುದು ಎಷ್ಟೋ ಸಲ ಮನೆಯವರಿಗೆ ತಿಳಿದೇ ಇರುವುದಿಲ್ಲ.

ಎರಡೂ ಒಳ್ಳೆಯವೇ. ಯಾವುದು ಸರಿ ಎನ್ನುವುದನ್ನು ಮುಕ್ಕಾಲು ಪಾಲು ತೀರ್ಮಾನಿಸುವುದು ಹೀಟರಿನ ಕೆಳಗೆ ಏನಿದೆ ಎಂಬ ವಿಷಯ: ನೆಲದ ತೇವ, ಬಿಸಿ ಸೋರದಂತೆ ತಡೆಯುವ ಇನ್ಸುಲೇಷನ್, ಉಳಿದಿರುವ ಎತ್ತರ. ಆದ್ದರಿಂದ ಕೆಳಗಿನಿಂದಲೇ ಶುರು ಮಾಡೋಣ.

ನೆಲ ಯಾಕೆ ಅಷ್ಟು ತಣ್ಣಗೆ?

ಹೊರಗೆ ಮೈನಸ್ 20 ಇದ್ದರೂ ಏಳೆಂಟು ಅಡಿ ಕೆಳಗಿನ ಮಣ್ಣು ಅಷ್ಟು ತಣ್ಣಗಾಗುವುದಿಲ್ಲ, ಬೇಸಿಗೆಯಲ್ಲಿ ಅಷ್ಟೇನೂ ಕಾಯುವುದೂ ಇಲ್ಲ. ಆ ಊರಿನ ಇಡೀ ವರ್ಷದ ಸರಾಸರಿ ಉಷ್ಣಾಂಶದ ಆಸುಪಾಸಿನಲ್ಲೇ ಅದು ಇರುತ್ತದೆ. ಗ್ರೇಟ್ ಲೇಕ್ಸ್ ಸುತ್ತಲಿನ ಊರುಗಳಲ್ಲಿ ಹೆಚ್ಚುಕಮ್ಮಿ 8ರಿಂದ 11 ಡಿಗ್ರಿ ಸೆಲ್ಸಿಯಸ್. ಹಳೆಯ ಮನೆಗಳಲ್ಲಿ ಈ ಮಣ್ಣು, ಜಲ್ಲಿಯ ಮೇಲೆ ನೇರವಾಗಿ ಮೂರೂವರೆ ನಾಲ್ಕು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಹಾಕಿರುತ್ತಾರೆ. ನಡುವೆ ಇನ್ಸುಲೇಷನ್ ಇಲ್ಲ. ಮೇಲೆ 21 ಡಿಗ್ರಿ ಗಾಳಿ, ಕೆಳಗೆ 9 ಡಿಗ್ರಿ ಮಣ್ಣು. ಸ್ಲ್ಯಾಬಿನ ಮೈ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ.

ಕಾಲಿಗೆ ಗೊತ್ತಾಗುವುದು ನೆಲದ ಉಷ್ಣಾಂಶ ಒಂದೇ ಅಲ್ಲ, ಕಾಲಿನ ಬಿಸಿಯನ್ನು ನೆಲ ಎಷ್ಟು ಬೇಗ ಎಳೆದುಕೊಳ್ಳುತ್ತದೆ ಎಂಬುದು ಕೂಡ. ಒಂದೇ ಅಡುಗೆಮನೆಯಲ್ಲಿರುವ ಮರದ ಮಣೆ ಬೆಚ್ಚಗೆ, ಕಡಪಕಲ್ಲು ತಣ್ಣಗೆ ಅನಿಸುವುದು ಇದೇ ಕಾರಣಕ್ಕೆ. ಟೈಲ್ಸ್ ಮತ್ತು ಕಾಂಕ್ರೀಟ್ ಎರಡೂ ಕಡಪಕಲ್ಲಿನ ಜಾತಿಯವು.

ಫರ್ನೇಸ್ ಜಾಸ್ತಿ ಮಾಡಿದರೆ ಸರಿಹೋಗುವುದಿಲ್ಲವೇ? ಬೇಸ್‌ಮೆಂಟಿನಲ್ಲಿ ಬಿಸಿಗಾಳಿಯ ಡಕ್ಟು ಸಾಮಾನ್ಯವಾಗಿ ಸೀಲಿಂಗಿನಲ್ಲಿ ಇರುತ್ತದೆ. ಬಿಸಿಗಾಳಿ ಹಗುರ, ಅಲ್ಲೇ ತೇಲುತ್ತದೆ. ಥರ್ಮೋಸ್ಟಾಟ್ ಇರುವುದು ಮೇಲಿನ ಮಹಡಿಯಲ್ಲಿ. ಹಾಗಾಗಿ ಅದನ್ನು ಏರಿಸಿದರೆ ಮೇಲೆ ಮಲಗಿದವರು ಬೆವರುತ್ತಾರೆ, ಕೆಳಗಿದ್ದವರ ತಲೆ ಬೆಚ್ಚಗಾಗುತ್ತದೆ, ಕಾಲು ಹಾಗೇ ಇರುತ್ತದೆ.

ನೆಲ ಬಿಸಿ ಮಾಡಿದರೆ ಎಷ್ಟು ಸಿಗುತ್ತದೆ?

ಸಂಜೆ ಹೊತ್ತು ಜಗಲಿಯ ಕಲ್ಲಿನ ಮೇಲೆ ಕೂತರೆ, ಸೂರ್ಯ ಮುಳುಗಿದ್ದರೂ ಕಲ್ಲಿನಿಂದ ಮೈಗೆ ಬಿಸಿ ತಾಗುತ್ತದಲ್ಲ, ನೆಲದ ಹೀಟಿಂಗ್ ಕೆಲಸ ಮಾಡುವುದು ಹಾಗೆ. ಗಾಳಿಯನ್ನು ಕಾಯಿಸಿ ಊದುವುದಿಲ್ಲ. ದೊಡ್ಡದೊಂದು ಮೈಯನ್ನು ನಸು ಬಿಸಿ ಮಾಡಿ ಬಿಟ್ಟಿರುತ್ತದೆ.

ನಸು ಎಂದರೆ ನಿಜಕ್ಕೂ ನಸು. ಜನ ಓಡಾಡುವ ಕಡೆ ನೆಲದ ಮೈ 29 ಡಿಗ್ರಿ ಸೆಲ್ಸಿಯಸ್ ದಾಟಬಾರದು ಎಂದು ಅಮೆರಿಕದ ಹೀಟಿಂಗ್, ಏಸಿ ಎಂಜಿನಿಯರುಗಳ ಸಂಘವಾದ ಆಶ್ರೇ (ASHRAE) ಮಾನದಂಡವೂ ಯುರೋಪಿನ ಮಾನದಂಡವೂ ಹೇಳುತ್ತವೆ. ಅದಕ್ಕಿಂತ ಹೆಚ್ಚಾದರೆ ಕಾಲು ಬೆವರಿ ಇರಿಸುಮುರಿಸು. ಮುಟ್ಟಿ "ಇದೇನು, ಬಿಸಿಯೇ ಇಲ್ಲ" ಎಂದು ದೂರುವವರು ಇದನ್ನು ನೆನಪಿಡಬೇಕು. ಅಂಗೈಗಿಂತ ತಣ್ಣಗಿರುವ ನೆಲವೂ ಕೋಣೆಯನ್ನು ಬೆಚ್ಚಗಿಡಬಲ್ಲದು.

ಲೆಕ್ಕಕ್ಕೆ ಒಂದು ಸುಲಭ ಅಳತೆ ಇದೆ. ಕೋಣೆಯ ಗಾಳಿಗಿಂತ ನೆಲ ಎಷ್ಟು ಡಿಗ್ರಿ ಸೆಲ್ಸಿಯಸ್ ಬಿಸಿಯೋ, ಹೆಚ್ಚುಕಮ್ಮಿ ಅಷ್ಟು ವ್ಯಾಟ್ ಬಿಸಿ ಪ್ರತಿ ಚದರಡಿಯಿಂದ ಬರುತ್ತದೆ. ಗಾಳಿ 21, ನೆಲ 27 ಆದರೆ ಚದರಡಿಗೆ 6 ವ್ಯಾಟ್. 500 ಚದರಡಿಗೆ 3,000 ವ್ಯಾಟ್. ಗೋಡೆಗೆ ಸರಿಯಾಗಿ ಇನ್ಸುಲೇಷನ್ ಮಾಡಿದ ಬೇಸ್‌ಮೆಂಟಿಗೆ ಕಡುಚಳಿಯಲ್ಲೂ ಚದರಡಿಗೆ 3ರಿಂದ 6 ವ್ಯಾಟ್ ಇದ್ದರೆ ಸಾಮಾನ್ಯವಾಗಿ ಸಾಕು. ಅಂದರೆ ನೆಲವೊಂದರಿಂದಲೇ ಕೋಣೆ ಬಿಸಿಯಾಗಬಲ್ಲದು, ಆದರೆ ಗೋಡೆ ಮುಚ್ಚಿದ್ದರೆ ಮಾತ್ರ. ಗೋಡೆಯ ತುದಿಯಲ್ಲಿ, ಮೇಲಿನ ಮಹಡಿಯ ಮರದ ತೊಲೆಗಳು ಕೂರುವ ಸಂದಿನಲ್ಲಿ ಹೊರಗಿನ ಗಾಳಿ ನುಗ್ಗುತ್ತಿದ್ದರೆ ಮೊದಲು ಅಲ್ಲಿ ಫೋಮ್ ತುಂಬಿಸಿ. ಆ ಖರ್ಚು ಚಿಕ್ಕದು, ಫಲ ದೊಡ್ಡದು.

ಮೊದಲು ತೇವ, ರೇಡಾನ್, ಹಳೇ ಟೈಲ್ಸ್

ಒದ್ದೆ ನೆಲದ ಮೇಲೆ ಹೀಟಿಂಗ್ ಹಾಕಿದರೆ ನೆಲ ಒಣಗುತ್ತದೆ ಎಂದು ಅಂದುಕೊಳ್ಳುವವರಿದ್ದಾರೆ. ಆಗುವುದು ತಿರುಗಾಮುರುಗ: ಬಿಸಿಗೆ ತೇವ ಮೇಲೇಳುತ್ತದೆ, ವಿನೈಲ್ ಅಥವಾ ಮರದ ಹಾಸಿನ ಅಡಿಯಲ್ಲಿ ಸಿಕ್ಕಿಕೊಂಡು ಬೂಸ್ಟು ಹಿಡಿಯುತ್ತದೆ, ಅಂಟು ಬಿಡುತ್ತದೆ.

ಒಂದೂವರೆ ಅಡಿ ಉದ್ದಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಬರಿ ಕಾಂಕ್ರೀಟಿಗೆ ನಾಲ್ಕೂ ಕಡೆ ಟೇಪು ಹಚ್ಚಿ ಒಂದು ರಾತ್ರಿ, ಕನಿಷ್ಠ 16 ಗಂಟೆ ಬಿಡಿ. ಕಿತ್ತಾಗ ಒಳಗೆ ಹನಿಗಟ್ಟಿದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಕೆಳಗಿನಿಂದ ತೇವ ಬರುತ್ತಿದೆ ಎಂದರ್ಥ. ಇದನ್ನು ಮೂರು ನಾಲ್ಕು ಕಡೆ, ಮಳೆಗಾಲದಲ್ಲೋ ಹಿಮ ಕರಗುವ ಏಪ್ರಿಲ್‌ನಲ್ಲೋ ಮಾಡಿದರೆ ನಂಬಬಹುದು. ಫೆಬ್ರವರಿಯಲ್ಲಿ ನೆಲ ಒಣಗಿದೆ ಎಂದು ತೀರ್ಮಾನಿಸಿದರೆ ಮೋಸ ಹೋಗುವ ಸಂಭವವೇ ಹೆಚ್ಚು. ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಪುಡಿ ಕಂಡರೂ ಅದೇ ಸೂಚನೆ. ಹೊರಗಿನ ನೀರು ಗೋಡೆ ದಾಟಿ ಬಂದು ಆರಿದ ಗುರುತು ಅದು. ಮೊದಲು ಸೂರಿನ ನೀರಿನ ಪೈಪನ್ನು ಗೋಡೆಯಿಂದ ಆರಡಿ ದೂರ ಒಯ್ಯುವುದು, ಅಂಗಳದ ಇಳಿಜಾರು ಸರಿಮಾಡುವುದು, ನೆಲದಡಿ ಸೇರುವ ನೀರನ್ನು ಹೊರಹಾಕುವ ಸಂಪ್ ಪಂಪು ಓಡುತ್ತದೆಯೇ ನೋಡುವುದು. ಚರಂಡಿಯ ನೀರು ಹಿಂದಕ್ಕೆ ಉಕ್ಕದಂತೆ ತಡೆಯುವ ಬ್ಯಾಕ್‌ವಾಟರ್ ವಾಲ್ವ್ ಇಲ್ಲದಿದ್ದರೆ ಹಾಕಿಸಿ. 2013ರ ಜುಲೈ 8ರಂದು, ಮತ್ತೆ 2024ರ ಜುಲೈ 16ರಂದು ಸುರಿದ ಮಳೆಗೆ ಟೊರೊಂಟೊದ ಎಷ್ಟೋ ಬೇಸ್‌ಮೆಂಟುಗಳಿಗೆ ನೀರು ನುಗ್ಗಿತ್ತು. ಆ ವಾಲ್ವ್ ಹಾಕಲು ಸ್ಲ್ಯಾಬ್ ಒಡೆಯಬೇಕು. ಹೀಟಿಂಗ್ ಹಾಸಿ ಟೈಲ್ಸ್ ಕೂರಿಸಿದ ಮೇಲೆ ನೆನಪಾದರೆ ಕಥೆ ಮುಗಿಯಿತು.

ರೇಡಾನ್ ವಿಷಯವೂ ಹೀಗೆಯೇ. ಮಣ್ಣಿನ ಯುರೇನಿಯಂನಿಂದ ಹುಟ್ಟಿ ಬಿರುಕುಗಳಲ್ಲಿ ಮೇಲೇಳುವ, ಬಣ್ಣ ವಾಸನೆ ಇಲ್ಲದ ಅನಿಲ ಇದು. ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಕೆನಡಾದ ಮಾರ್ಗಸೂಚಿ ಪ್ರತಿ ಘನ ಮೀಟರ್ ಗಾಳಿಗೆ 200 ಬೆಕೆರೆಲ್ (ವಿಕಿರಣ ಅಳೆಯುವ ಮಾನ), ಅಮೆರಿಕದ್ದು ಲೀಟರಿಗೆ 4 ಪಿಕೊಕ್ಯೂರಿ, ಅಂದರೆ ಘನ ಮೀಟರಿಗೆ 148 ಬೆಕೆರೆಲ್. ಅದಕ್ಕಿಂತ ಹೆಚ್ಚಿದ್ದರೆ ಸ್ಲ್ಯಾಬ್ ಅಡಿಯಿಂದ ಗಾಳಿ ಎಳೆದು ಹೊರಹಾಕುವ ಪೈಪು, ಫ್ಯಾನು ಬೇಕು, ಅದಕ್ಕೆ ನೆಲಕ್ಕೆ ತೂತು ಕೊರೆಯಬೇಕು. ನೆಲದೊಳಗೆ ವಯರೋ ಪೈಪೋ ಹೂತ ಮೇಲೆ ಡ್ರಿಲ್ ಹಿಡಿಯುವ ಧೈರ್ಯ ಯಾರಿಗೂ ಬರುವುದಿಲ್ಲ. ಚಳಿಗಾಲದಲ್ಲಿ ಮೂರು ತಿಂಗಳ ಪರೀಕ್ಷೆ ಮೊದಲೇ ಮುಗಿಸಿಕೊಳ್ಳಿ.

ಹಳೇ ಮನೆಯಾಗಿದ್ದು ನೆಲದ ಮೇಲೆ 9 ಇಂಚು ಚೌಕದ ವಿನೈಲ್ ಟೈಲ್ಸ್ ಇದ್ದರೆ ಅದರಲ್ಲಿ, ಅದರ ಕರಿ ಅಂಟಿನಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಬಹಳ. ಕೆರೆಯಬೇಡಿ, ಉಜ್ಜಬೇಡಿ. ಚೂರೊಂದನ್ನು ಲ್ಯಾಬಿಗೆ ಕಳಿಸಿ ಆಮೇಲೆ ಮುಂದಿನ ಮಾತು.

ಇನ್ಸುಲೇಷನ್ ಇಲ್ಲದೆ ಹಾಸಿದರೆ

ಕಾವಲಿಯ ಅಡಿಗೆ ಒಲೆ ಬೇಕು. ಐಸ್ ಗಡ್ಡೆಯ ಮೇಲೆ ಕಾವಲಿ ಇಟ್ಟು ದೋಸೆ ಹುಯ್ದರೆ? ಬರಿ ಸ್ಲ್ಯಾಬಿನ ಮೇಲೆ ನೇರವಾಗಿ ಹೀಟಿಂಗ್ ವಯರು ಹಾಸುವುದು ಅದಕ್ಕಿಂತ ಬಹಳ ಬೇರೆಯಲ್ಲ.

ತೂಕದ ಲೆಕ್ಕ ಹಾಕಿದರೆ ಇದು ಸ್ಪಷ್ಟ. ವಯರಿನ ಮೇಲಿರುವ ಟೈಲ್ಸ್ ಮತ್ತು ಅಂಟಿನ ಗಾರೆ ಸೇರಿ 16 ಮಿಲಿಮೀಟರ್ ಎಂದುಕೊಳ್ಳಿ. ಚದರ ಮೀಟರಿಗೆ ಸುಮಾರು 35 ಕೆ.ಜಿ. ಕೆಳಗಿನ ನಾಲ್ಕಿಂಚು ಕಾಂಕ್ರೀಟು ಚದರ ಮೀಟರಿಗೆ 240 ಕೆ.ಜಿ. ನಡುವೆ ಅರ್ಧ ಇಂಚಿನ ಇನ್ಸುಲೇಷನ್ ಬೋರ್ಡ್ ಇದ್ದರೆ ವಯರು ಕಾಯಿಸಬೇಕಾದದ್ದು ಬಹುಪಾಲು ಮೇಲಿನ 35 ಕೆ.ಜಿ.ಯನ್ನು, ಮುಕ್ಕಾಲು ಗಂಟೆ, ಒಂದು ಗಂಟೆಯಲ್ಲಿ ಕಾಲಿಗೆ ಬಿಸಿ ತಾಗುತ್ತದೆ. ಬೋರ್ಡ್ ಇಲ್ಲದಿದ್ದರೆ ಅದರ ಏಳು ಪಟ್ಟು ಭಾರದ ಸ್ಲ್ಯಾಬನ್ನೂ ಕಾಯಿಸಬೇಕು, ಆ ಸ್ಲ್ಯಾಬು ಮಣ್ಣಿಗೆ ಬಿಸಿ ಸೋರಿಸುತ್ತಲೇ ಇರುತ್ತದೆ. ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನಕ್ಕೆ ಬೆಚ್ಚಗಾಗುತ್ತದೆ, ಮೀಟರು ಮಾತ್ರ ಬೆಳಿಗ್ಗೆಯಿಂದಲೇ ಓಡುತ್ತದೆ. "ಹೀಟೆಡ್ ಫ್ಲೋರ್ ಹಾಕಿಸಿದೆವು, ದುಡ್ಡು ದಂಡ" ಎನ್ನುವವರ ಮನೆಗಳಲ್ಲಿ ಬಹುತೇಕ ತಪ್ಪಿರುವುದು ಇಲ್ಲೇ. ಅಂದಾಜುಪಟ್ಟಿಯಲ್ಲಿ ಇನ್ಸುಲೇಷನ್ ಬೋರ್ಡಿನ ಸಾಲು ಇಲ್ಲದಿದ್ದರೆ ಕೇಳಿ ಬರೆಸಿ.

ಯಾವ ಬೋರ್ಡ್? ವಯರಿನ ಅಡಿಗೆ, ಎರಡೂ ಕಡೆ ಸಿಮೆಂಟಿನ ತೆಳು ಪದರ ಇರುವ ಫೋಮ್ ಬೋರ್ಡ್, ಕಾಲು ಇಂಚಿನಿಂದ ಅರ್ಧ ಇಂಚು. ನೀರಿನ ಪೈಪಿನ ಅಡಿಗೆ ಎಕ್ಸ್‌ಪಿಎಸ್ ಎನ್ನುವ ಗಟ್ಟಿ ಫೋಮ್, ಒಂದರಿಂದ ಎರಡು ಇಂಚು. ಎಕ್ಸ್‌ಪಿಎಸ್ ಒಂದಿಂಚಿಗೆ ಬಿಸಿ ತಡೆಯುವ ಅಳತೆ ಆರ್-5. ಚದರ ಇಂಚಿಗೆ 25 ಪೌಂಡ್ ಭಾರ ತಾಳುವ ದರ್ಜೆಯದ್ದು ಮನೆಗೆ ಧಾರಾಳ ಸಾಕು. ನೀರಿನ ವ್ಯವಸ್ಥೆಯಲ್ಲಿ ಗೋಡೆಗೆ ನೆಲ ತಾಗುವ ಅಂಚಿನಲ್ಲೂ ಫೋಮಿನ ಪಟ್ಟಿ ನಿಲ್ಲಿಸಬೇಕು, ಇಲ್ಲದಿದ್ದರೆ ಬಿಸಿ ಗೋಡೆಯ ಬುಡದಿಂದ ಹೊರಗೆ ಹೋಗುತ್ತದೆ. ಕಾಂಕ್ರೀಟು ಬಿಸಿಗೆ ಹಿಗ್ಗುವುದಕ್ಕೂ ಅದೇ ಪಟ್ಟಿ ಜಾಗ ಕೊಡುತ್ತದೆ.

ಎತ್ತರದ ಬಜೆಟ್, ಕೊನೆಯ ಮೆಟ್ಟಿಲು

ಹಣದ ಬಜೆಟ್ಟಿಗಿಂತ ಮೊದಲು ಎತ್ತರದ ಬಜೆಟ್ ನೋಡಿ. ಅರ್ಧ ಇಂಚು ಬೋರ್ಡು, ವಯರು ಮುಚ್ಚುವ, ತಾನೇ ಹರಡಿ ಮಟ್ಟವಾಗುವ ಸೆಲ್ಫ್ ಲೆವೆಲಿಂಗ್ ಸಿಮೆಂಟು, ಅಂಟು, ಟೈಲ್ಸ್ ಸೇರಿ ವಯರಿನ ವ್ಯವಸ್ಥೆಗೆ ಒಂದೂವರೆ ಇಂಚು ಹೋಗುತ್ತದೆ. ಸ್ಲ್ಯಾಬಿನ ಮೇಲೆ ನೀರಿನ ಪೈಪು ಹಾಸಿದರೆ ಫೋಮು, ಒಂದೂವರೆ ಇಂಚಿನ ಹೊಸ ಗಾರೆ, ಟೈಲ್ಸ್ ಎಲ್ಲ ಸೇರಿ ಮೂರರಿಂದ ನಾಲ್ಕು ಇಂಚು. ಅಮೆರಿಕದ ಬಹುತೇಕ ಕಡೆ ಅನುಸರಿಸುವ ಮನೆ ಕಟ್ಟುವ ಸಂಹಿತೆಯಲ್ಲಿ ವಾಸದ ಕೋಣೆಗೆ ಏಳಡಿ ಎತ್ತರ ಬೇಕು. ಕೆನಡಾದಲ್ಲಿ ಪ್ರಾಂತ್ಯದ ನಿಯಮ ನೋಡಬೇಕು.

ತಲೆ ಮೇಲಿನ ಎತ್ತರವನ್ನು ಎಲ್ಲರೂ ಅಳೆಯುತ್ತಾರೆ, ಮೆಟ್ಟಿಲನ್ನು ಮರೆಯುತ್ತಾರೆ. ಮೆಟ್ಟಿಲುಗಳೆಲ್ಲ ಏಳೂವರೆ ಇಂಚು ಎತ್ತರದವು ಎನ್ನಿ. ನೆಲ ಒಂದೂವರೆ ಇಂಚು ಮೇಲೇರಿದರೆ ಕೊನೆಯ ಮೆಟ್ಟಿಲು ಆರೇ ಇಂಚು. ಒಂದೇ ಸಾಲಿನ ಮೆಟ್ಟಿಲುಗಳ ನಡುವೆ ಇಂಚಿನ ಎಂಟರಲ್ಲಿ ಮೂರು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಇರಕೂಡದು ಎಂದು ಅಮೆರಿಕದ ಸಂಹಿತೆ ಹೇಳುತ್ತದೆ. ಕೆನಡಾದಲ್ಲೂ ಹತ್ತು ಮಿಲಿಮೀಟರಿನ ಮಿತಿ. ಇದು ಇನ್ಸ್‌ಪೆಕ್ಟರ್ ಕಿರಿಕಿರಿ ಅಷ್ಟೇ ಅಲ್ಲ. ಕಾಲು ಒಂದೇ ಲಯದಲ್ಲಿ ಇಳಿಯುತ್ತಿರುತ್ತದೆ, ಕೊನೆಯಲ್ಲಿ ನೆಲ ಒಂದೂವರೆ ಇಂಚು ಮೊದಲೇ ಎದುರಾದರೆ ವಯಸ್ಸಾದವರು ಮುಗ್ಗರಿಸುತ್ತಾರೆ. ಅಪ್ಪ ಅಮ್ಮನಿಗೆಂದೇ ಮಾಡಿಸುವ ಕೋಣೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಮೆಟ್ಟಿಲು ಮರುಕಟ್ಟುವ ಖರ್ಚನ್ನು ಅಂದಾಜಿಗೆ ಸೇರಿಸಿ. ಬಾಗಿಲುಗಳ ಕೆಳ ಅಂಚು ಕತ್ತರಿಸಬೇಕು, ಟಾಯ್ಲೆಟ್ ಕೂರುವ ಪೈಪಿನ ಬಾಯಿಯನ್ನೂ ಹೊಸ ನೆಲದ ಮಟ್ಟಕ್ಕೆ ಏರಿಸಬೇಕು.

ವಯರಿನ ವ್ಯವಸ್ಥೆ

ಭಾಗಗಳು ಕಡಿಮೆ: ಹೀಟಿಂಗ್ ಕೇಬಲ್ (ಬಿಡಿಯಾಗಿ, ಅಥವಾ ಬಲೆಗೆ ಹೊಲಿದ ಚಾಪೆಯಾಗಿ), ನೆಲದೊಳಗೆ ಕೂರುವ ಸೆನ್ಸರು, ಗೋಡೆಯ ಥರ್ಮೋಸ್ಟಾಟ್, ಅದಕ್ಕೆಂದೇ ಮನೆಯ ಬ್ರೇಕರ್ ಪ್ಯಾನೆಲ್‌ನಿಂದ ಎಳೆದ ಪ್ರತ್ಯೇಕ ಸರ್ಕ್ಯೂಟು. ಸಾಮಾನ್ಯ ಶಕ್ತಿ ಚದರಡಿಗೆ 12 ವ್ಯಾಟ್.

12 ಅಡಿಗೆ 15 ಅಡಿಯ ಕೋಣೆ ತೆಗೆದುಕೊಳ್ಳಿ, 180 ಚದರಡಿ. ಗೋಡೆಗೆ ಕೂಡಿಸಿದ ಕಪಾಟು, ಅಂಚುಗಳು ಬಿಟ್ಟು 150 ಚದರಡಿಗೆ ವಯರು. ಕಪಾಟಿನ ಅಡಿ ಹಾಸಬಾರದು. ಬಿಸಿ ಹೊರಬರಲು ದಾರಿಯಿಲ್ಲದೆ ಅಲ್ಲೇ ಕೂಡಿಕೊಂಡು ಕೇಬಲ್ ಕೆಡುತ್ತದೆ. 150ಕ್ಕೆ 12ರಂತೆ 1,800 ವ್ಯಾಟ್. 120 ವೋಲ್ಟಿನಲ್ಲಿ ಇದು 15 ಆಂಪಿಯರ್. ಗಂಟೆಗಟ್ಟಲೆ ಓಡುವ ಹೊರೆಗೆ ಸರ್ಕ್ಯೂಟಿನ ಶೇ 80ರಷ್ಟನ್ನೇ ಬಳಸಬೇಕಾದ್ದರಿಂದ 15 ಆಂಪಿಯರ್ ಬ್ರೇಕರಿನಲ್ಲಿ 12 ಆಂಪಿಯರಿಗೆ ಮಾತ್ರ ಅವಕಾಶ. ಹಾಗಾಗಿ ಇಲ್ಲಿ 240 ವೋಲ್ಟಿನ ಕೇಬಲ್ಲೇ ಸರಿ: ಏಳೂವರೆ ಆಂಪಿಯರ್, ಆರಾಮು. ಹಳೇ ಮನೆಯ ಪ್ಯಾನೆಲ್ 100 ಆಂಪಿಯರಿನದ್ದಾಗಿದ್ದು ಕಾರ್ ಚಾರ್ಜರು, ಕೆಳಗಿನ ಅಡುಗೆಮನೆಯ ಸ್ಟೌವು ಎಲ್ಲ ಅದರ ಮೇಲೇ ಇದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಒಟ್ಟು ಹೊರೆಯ ಲೆಕ್ಕ ಹಾಕಿಸಿ.

ವೋಲ್ಟೇಜ್ ಅದಲುಬದಲಾದರೆ ಅನಾಹುತ. 120ರ ಚಾಪೆಗೆ 240 ಕೊಟ್ಟರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬಿಸಿ, ಸುಟ್ಟೇ ಹೋಗುತ್ತದೆ. 240ರದ್ದಕ್ಕೆ 120 ಕೊಟ್ಟರೆ ಕಾಲುಭಾಗ ಬಿಸಿ. ಎಷ್ಟು ಹೊತ್ತಾದರೂ ನೆಲ ಕಾಯುವುದಿಲ್ಲ, ಯಾರಿಗೂ ಕಾರಣ ಹೊಳೆಯುವುದಿಲ್ಲ. ಎರಡು ಚಾಪೆ ಇದ್ದರೆ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಬಾರದು, ಎರಡನ್ನೂ ಬೇರೆ ಬೇರೆಯಾಗಿ ಥರ್ಮೋಸ್ಟಾಟಿಗೇ ತರಬೇಕು.

ಹಾಸುವ ಕ್ರಮ ಹೀಗೆ. ಸ್ಲ್ಯಾಬಿನ ಬಿರುಕು, ಹಳೇ ಬಣ್ಣ ತೆಗೆದು ಗುಡಿಸಿ, ಹಲ್ಲಿನ ಕರಣೆಯಲ್ಲಿ ಗಾರೆ ಎಳೆದು ಬೋರ್ಡು ಕೂರಿಸುತ್ತಾರೆ. ಅದರ ಮೇಲೆ ಕೇಬಲ್ಲನ್ನು ತಯಾರಕರು ಹೇಳಿದ ಅಂತರದಲ್ಲಿ ಓಡಿಸುತ್ತಾರೆ. ಒಂದರ ಮೇಲೊಂದು ಹಾಯಬಾರದು. ಉಳಿಯಿತು ಎಂದು ಕತ್ತರಿಸಬಾರದು. ಕತ್ತರಿಸಿದರೆ ರೆಸಿಸ್ಟೆನ್ಸ್ ಕಡಿಮೆಯಾಗಿ ಉಳಿದ ವಯರು ಅತಿಯಾಗಿ ಕಾಯುತ್ತದೆ. ಚಾಪೆಯನ್ನು ತಿರುಗಿಸಬೇಕಾದರೆ ಬಲೆಯನ್ನಷ್ಟೇ ಕತ್ತರಿಸಿ ಮಡಿಸುತ್ತಾರೆ. ಸೆನ್ಸರನ್ನು ಎರಡು ಸಾಲುಗಳ ಸರಿ ನಡುವೆ ಕೂರಿಸಬೇಕು. ಕೇಬಲ್ಲಿಗೆ ತಾಗಿಸಿದರೆ ನೆಲ ಕಾದುಹೋಯಿತೆಂದು ಬೇಗನೆ ಆರಿಸಿಬಿಡುತ್ತದೆ. ಕೆಡುವುದರಲ್ಲಿ ಮೊದಲ ಸರದಿ ಸೆನ್ಸರಿನದ್ದೇ, ಆದ್ದರಿಂದ ಅಲ್ಲೇ ಎರಡನೆಯದನ್ನೂ ಹೂತು ಅದರ ತುದಿಯನ್ನು ಥರ್ಮೋಸ್ಟಾಟ್ ಪೆಟ್ಟಿಗೆಯಲ್ಲಿ ಸುತ್ತಿಡುವುದು ಒಳ್ಳೇ ರೂಢಿ. ಕೆಲವೇ ಡಾಲರಿನ ವಿಮೆ.

ಮಲ್ಟಿಮೀಟರಿನ ಪರೀಕ್ಷೆ ಮೂರು ಸಲ: ಡಬ್ಬ ಬಿಚ್ಚಿದ ತಕ್ಷಣ, ಹಾಸಿದ ಮೇಲೆ, ಟೈಲ್ಸ್ ಕೂರಿಸಿದ ಮೇಲೆ. ನಮ್ಮ 1,800 ವ್ಯಾಟಿನ ಕೇಬಲ್ಲು 240 ವೋಲ್ಟಿಗೆ 32 ಓಮ್ ತೋರಿಸಬೇಕು. ಎಷ್ಟು ಹೆಚ್ಚುಕಮ್ಮಿ ಆಗಬಹುದು ಎಂದು ಲೇಬಲ್ಲಿನಲ್ಲಿ ಇರುತ್ತದೆ. ಒಳಗಿನ ತಂತಿಗೂ ಹೊರಗಿನ ಲೋಹದ ಹೆಣಿಗೆಗೂ ನಡುವೆ ಅಳೆದರೆ ಸಂಪರ್ಕವೇ ಇರಬಾರದು. ಮೂರನೆಯ ಅಳತೆಯಲ್ಲಿ 32 ಹೋಗಿ ಏನೂ ತೋರದಿದ್ದರೆ ಗಾರೆ ಎಳೆಯುವಾಗ ಕರಣೆಯ ಅಂಚು ತಾಗಿ ತಂತಿ ತುಂಡಾಗಿದೆ. ಹಸಿ ಇದ್ದಾಗ ಗೊತ್ತಾದರೆ ಒಂದೆರಡು ಟೈಲ್ಸ್ ಎತ್ತಿದರೆ ಆಯಿತು. ಅದಕ್ಕೇ ಜಾಣ ಕೆಲಸಗಾರರು ಕೇಬಲ್ ಮೇಲೆ ಪ್ಲಾಸ್ಟಿಕ್ ಕರಣೆ ಹಿಡಿಯುತ್ತಾರೆ, ಅಥವಾ ಮೊದಲು ತೆಳ್ಳಗೆ ಸೆಲ್ಫ್ ಲೆವೆಲಿಂಗ್ ಸಿಮೆಂಟು ಹೊಯ್ದು ಕೇಬಲ್ಲನ್ನು ಮುಚ್ಚಿಬಿಡುತ್ತಾರೆ. ಹೊಯ್ಯುವಾಗ ಕೇಬಲ್ ಸರಿಯಾಗಿ ಹಿಡಿಸಿರಬೇಕು, ಇಲ್ಲದಿದ್ದರೆ ತೇಲುತ್ತದೆ. ಹೀಟಿಂಗ್ ತಂತಿಗೂ ಪ್ಯಾನೆಲ್ ಕಡೆಯ ತಂತಿಗೂ ಕಾರ್ಖಾನೆಯಲ್ಲೇ ಹಾಕಿದ ದಪ್ಪ ಗಂಟು ನೆಲದ ಗಾರೆಯೊಳಗೇ ಇರಬೇಕು, ಗೋಡೆಯೊಳಗೆ ಏರಕೂಡದು.

ಎಲ್ಲ ಮುಗಿದ ದಿನವೇ ಸ್ವಿಚ್ ಹಾಕಿ ನೋಡುವ ಆಸೆ ಸಹಜ. ಬೇಡ. ಗಾರೆ ತಾನಾಗಿ ಗಟ್ಟಿಯಾಗಬೇಕು. ಗಾರೆಯ ಚೀಲದ ಮೇಲೆ, ಕೇಬಲ್ಲಿನ ಪುಸ್ತಕದಲ್ಲಿ ಬರೆದಿರುವುದರಲ್ಲಿ ಯಾವುದು ಹೆಚ್ಚೋ ಅಷ್ಟು ದಿನ, ಒಂದು ವಾರದಿಂದ 28 ದಿನದವರೆಗೆ, ಕಾಯಬೇಕು. ಥರ್ಮೋಸ್ಟಾಟಿನಲ್ಲಿ 5 ಮಿಲಿಆಂಪಿಯರ್ ಸೋರಿದರೂ ಕತ್ತರಿಸುವ ಜಿಎಫ್‌ಸಿಐ ಇದೆಯೇ ನೋಡಿ. ಒಂಟಾರಿಯೊದಲ್ಲಿ ಈ ಕೆಲಸಕ್ಕೆ ಎಲೆಕ್ಟ್ರಿಕಲ್ ಸೇಫ್ಟಿ ಅಥಾರಿಟಿಗೆ ನೋಟಿಫಿಕೇಶನ್ ಸಲ್ಲಿಸಬೇಕು. ಅಮೆರಿಕದಲ್ಲಿ ಊರಿನ ಪರ್ಮಿಟ್ ಕಚೇರಿಯಲ್ಲಿ ವಿಚಾರಿಸಿ.

ನೀರಿನ ವ್ಯವಸ್ಥೆ

ಹಂಡೆ ಒಲೆ ನೋಡಿದವರಿಗೆ ಇದರ ಸ್ವಭಾವ ಗೊತ್ತು: ಕಾಯಲು ಹೊತ್ತು, ಆರಲೂ ಹೊತ್ತು. ಬಾಯ್ಲರಿನಲ್ಲೋ, ಹೊರಗಿನ ಬಿಸಿಯನ್ನು ಎಳೆದು ತರುವ ಹೀಟ್ ಪಂಪಿನಲ್ಲೋ ಕಾದ ನೀರು ಮ್ಯಾನಿಫೋಲ್ಡ್ ಎಂಬ ಹಂಚುವ ಕೊಳವೆಗೆ ಬಂದು, ಅಲ್ಲಿಂದ ಪೆಕ್ಸ್ ಎನ್ನುವ ಬಾಗುವ ಪ್ಲಾಸ್ಟಿಕ್ ಪೈಪುಗಳ ಸುತ್ತುಗಳಲ್ಲಿ ನೆಲದೊಳಗೆ ಓಡಾಡಿ ವಾಪಸ್ಸು ಬರುತ್ತದೆ. ಜೊತೆಗೆ ಪಂಪು, ನೀರಿನ ಬಿಸಿ ಹದಮಾಡುವ ಮಿಕ್ಸಿಂಗ್ ವಾಲ್ವು, ಗಾಳಿ ಬೇರ್ಪಡಿಸುವ ಭಾಗ, ಕಾದು ಹಿಗ್ಗಿದ ನೀರಿಗೆ ಜಾಗ ಕೊಡುವ ಎಕ್ಸ್‌ಪ್ಯಾನ್ಶನ್ ಟ್ಯಾಂಕು. ನೀರು 30ರಿಂದ 50 ಡಿಗ್ರಿ ಇದ್ದರೆ ಸಾಕು. ಈ ಕಡಿಮೆ ಬಿಸಿಯೇ ಇದರ ಹೆಚ್ಚುಗಾರಿಕೆ. ವಾಪಸ್ಸು ಬರುವ ನೀರು ಸುಮಾರು 54 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಕಂಡೆನ್ಸಿಂಗ್ ಬಾಯ್ಲರು ಹೊಗೆಯಲ್ಲಿನ ಬಿಸಿಯನ್ನೂ ಹಿಂಡಿಕೊಳ್ಳಬಲ್ಲದು, ಹೀಟ್ ಪಂಪಿಗೂ ತಣ್ಣನೆಯ ನೀರೇ ಇಷ್ಟ.

500 ಚದರಡಿಗೆ ಅರ್ಧ ಇಂಚಿನ ಪೈಪು, 9 ಇಂಚಿಗೊಂದು ಸಾಲು ಎಂದರೆ 667 ಅಡಿ ಪೈಪು. ಒಂದು ಸುತ್ತು 300 ಅಡಿ ಮೀರಬಾರದು. ಮೀರಿದರೆ ಪಂಪಿಗೆ ಭಾರ, ನೀರು ಕೊನೆ ಮುಟ್ಟುವಷ್ಟರಲ್ಲಿ ತಣ್ಣಗಾಗುತ್ತದೆ. ಹಾಗಾಗಿ ಹೆಚ್ಚುಕಮ್ಮಿ ಸಮ ಉದ್ದದ ಮೂರು ಸುತ್ತು, ಒಂದೊಂದಕ್ಕೂ ಮ್ಯಾನಿಫೋಲ್ಡಿಗೆ ಹೋಗಿಬರುವ ಉದ್ದ ಸೇರಿ 240 ಅಡಿ. ನೆಲದೊಳಗೆ ಜೋಡಣೆ ಬೇಡ, ಒಂದು ಸುತ್ತು ಒಂದೇ ಪೈಪು. ಆಮ್ಲಜನಕ ತಡೆಯುವ ಪದರ ಇರುವ ಪೆಕ್ಸನ್ನೇ ಕೇಳಿ. ಸಾದಾ ಕುಡಿಯುವ ನೀರಿನ ಪೆಕ್ಸ್ ಅಗ್ಗವಾಗಿ ಸಿಗುತ್ತದೆ, ಆದರೆ ಅದರ ಗೋಡೆಯ ಮೂಲಕ ಆಮ್ಲಜನಕ ನೀರಿಗೆ ಇಳಿದು ಕೆಲವು ವರ್ಷಗಳಲ್ಲಿ ಎರಕದ ಕಬ್ಬಿಣದ ಪಂಪು ತುಕ್ಕಿನ ಕೆಸರಾಗುತ್ತದೆ. ಗಾರೆ ಹೊಯ್ಯುವ ಮೊದಲು ಪೈಪಿಗೆ ಒತ್ತಡ ತುಂಬಿ ಒಂದು ದಿನ ಗೇಜು ನೋಡಬೇಕು, ಹೊಯ್ಯುವಾಗಲೂ ಒತ್ತಡ ಬಿಡಬಾರದು. ಯಾರದೋ ಬೂಟಿಗೋ ಗುದ್ದಲಿಗೋ ಪೈಪು ತೂತಾದರೆ ಗೇಜಿನ ಮುಳ್ಳು ಅಲ್ಲೇ ಇಳಿಯುತ್ತದೆ.

ಬಿಸಿಯಾಗುವ ಹೊತ್ತು? ನಾಲ್ಕಿಂಚಿನ ಸ್ಲ್ಯಾಬಿನೊಳಗೇ ಪೈಪು ಇದ್ದು 500 ಚದರಡಿ ಇದ್ದರೆ, ಅದನ್ನು ಒಂದು ಡಿಗ್ರಿ ಏರಿಸಲು ಸುಮಾರು 2.7 ಯೂನಿಟ್ (ಕಿಲೋವ್ಯಾಟ್ ಅವರ್) ಬಿಸಿ ಬೇಕು. ಆರು ಡಿಗ್ರಿಗೆ 16 ಯೂನಿಟ್. 5 ಕಿಲೋವ್ಯಾಟಿನ ಮೂಲದಿಂದ ಮೂರು ಗಂಟೆ, ಸೋರಿಕೆ ಸೇರಿದರೆ ಇನ್ನೂ ಹೆಚ್ಚು. ಆದ್ದರಿಂದ ಇದನ್ನು ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚುವುದರಲ್ಲಿ ಅರ್ಥವಿಲ್ಲ. ನವೆಂಬರಿನಲ್ಲಿ ಹಚ್ಚಿ ಏಪ್ರಿಲ್‌ವರೆಗೆ ಒಂದೇ ಹದದಲ್ಲಿ ಬಿಡುವ ವ್ಯವಸ್ಥೆ ಇದು.

ಮನೆಯ ಸ್ನಾನದ ನೀರಿನ ಹೀಟರಿಗೇ ಇದನ್ನು ಸೇರಿಸಿಬಿಡಬಹುದು ಎನ್ನುವವರು ಸಿಗುತ್ತಾರೆ. ಬೇಸಿಗೆ ಪೂರ್ತಿ ನೆಲದ ಪೈಪಿನಲ್ಲಿ ನಿಂತ ನೀರು ಅಕ್ಟೋಬರಿನಲ್ಲಿ ನಿಮ್ಮ ನಲ್ಲಿಗೆ ಬರುವುದು ಬೇಡವಾದರೆ ನಡುವೆ ಹೀಟ್ ಎಕ್ಸ್‌ಚೇಂಜರ್ ಇಟ್ಟು ಎರಡೂ ನೀರನ್ನು ಬೇರೆಯಾಗಿಡಬೇಕು.

ಮೇಲೆ ಏನು ಹಾಸುವುದು?

ಟೈಲ್ಸ್ ಮತ್ತು ಕಲ್ಲು ಮೊದಲ ಆಯ್ಕೆ. ವಿನೈಲ್ ಹಲಗೆ, ಎಂಜಿನಿಯರ್ಡ್ ಮರ ಆಗುತ್ತವೆ, ಆದರೆ ಅವುಗಳ ಅಡಿಯ ಬಿಸಿ ಸಾಮಾನ್ಯವಾಗಿ 27ರಿಂದ 29 ಡಿಗ್ರಿ ಮೀರದಂತೆ ಸೆನ್ಸರಿನಲ್ಲಿ ಮಿತಿ ಹಾಕಬೇಕು. ನಿಖರ ಅಂಕಿ ಪೆಟ್ಟಿಗೆಯ ಮೇಲಿರುತ್ತದೆ. ಗಟ್ಟಿ ಮರದ ಹಲಗೆ ಬೇಸ್‌ಮೆಂಟಿಗೆ ಹೇಗೂ ಬೇಡ. ದಪ್ಪ ಕಾರ್ಪೆಟ್ಟು, ಅದರಡಿ ಸ್ಪಂಜು ಹಾಕಿದರೆ ಆರ್-2ರಷ್ಟು ತಡೆ. ದುಡ್ಡು ಕೊಟ್ಟು ನೆಲ ಬಿಸಿಮಾಡಿ ಮೇಲೆ ಕಂಬಳಿ ಹೊದಿಸಿದ ಹಾಗೆ.

ಯಾರಿಗೆ ಯಾವುದು?

ಸ್ಲ್ಯಾಬ್ ಒಡೆಯುವ ಯೋಚನೆ ಇಲ್ಲ, ಒಂದು ಮಲಗುವ ಕೋಣೆ, ಬಾತ್‌ರೂಮು, ಇನ್ನೂರು ಚದರಡಿಯ ಒಳಗೆ, ಬೆಳಿಗ್ಗೆ ಸಂಜೆ ಕಾಲು ಬೆಚ್ಚಗಿದ್ದರೆ ಸಾಕು ಎಂದರೆ ವಯರು. ಮೇಲಿನ ಉದಾಹರಣೆಯ 1,800 ವ್ಯಾಟು ದಿನಕ್ಕೆ ಆರು ಗಂಟೆ ಹಚ್ಚಿ, ಅದರಲ್ಲಿ ಅರ್ಧ ಹೊತ್ತು ಥರ್ಮೋಸ್ಟಾಟ್ ಆರಿಸಿಟ್ಟರೆ 5.4 ಯೂನಿಟ್. ಯೂನಿಟ್ಟಿಗೆ 15 ಸೆಂಟ್ ಎಂದುಕೊಂಡರೆ ತಿಂಗಳಿಗೆ 24 ಡಾಲರು. ದಿನವಿಡೀ ಹಚ್ಚಿದರೆ ನಾಲ್ಕು ಪಟ್ಟು.

ಚರಂಡಿ ಕೆಲಸಕ್ಕೋ ಎತ್ತರ ಹೆಚ್ಚಿಸಲಿಕ್ಕೋ ಸ್ಲ್ಯಾಬನ್ನು ಹೇಗೂ ಪೂರ್ತಿ ಒಡೆಯುತ್ತಿದ್ದರೆ ಲೆಕ್ಕ ತಿರುಗುತ್ತದೆ. ಜಲ್ಲಿ, ಎರಡಿಂಚು ಫೋಮು, ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಪೈಪು ಕಟ್ಟಿ ಹೊಸ ಕಾಂಕ್ರೀಟು. ಎತ್ತರದ ನಷ್ಟವೇ ಇಲ್ಲ, ಪೈಪಿನ ಖರ್ಚು ಒಟ್ಟು ಕೆಲಸದಲ್ಲಿ ಚಿಕ್ಕ ಪಾಲು. ಬಾಯ್ಲರು ಸದ್ಯಕ್ಕೆ ಬೇಡವೆಂದರೂ ಪೈಪು ಹಾಕಿಸಿಟ್ಟು ತುದಿ ಮುಚ್ಚಿಡಬಹುದು. ಮನೆಯಲ್ಲಿ ಆಗಲೇ ಬಿಸಿನೀರಿನ ಬಾಯ್ಲರ್ ಇದ್ದರಂತೂ ಹೆಚ್ಚು ಯೋಚಿಸುವಂತಿಲ್ಲ. ಫರ್ನೇಸ್ ಮಾತ್ರ ಇರುವ ಮನೆಯಲ್ಲಿ ಒಂದೇ ಕೋಣೆಗಾಗಿ ಬಾಯ್ಲರು ಹೊಸದಾಗಿ ತರುವುದು ಅಪರೂಪಕ್ಕೆ ಗಿಟ್ಟುತ್ತದೆ.

ಇಂಧನದ ಹೋಲಿಕೆ ನಿಮ್ಮ ಬಿಲ್ಲಿನಲ್ಲೇ ಇದೆ. ಒಳ್ಳೇ ಬಾಯ್ಲರಿನಲ್ಲಿ ಒಂದು ಘನ ಮೀಟರ್ ಗ್ಯಾಸು ಸುಮಾರು 10 ಯೂನಿಟ್ ಬಿಸಿ ಕೊಡುತ್ತದೆ, ಅಮೆರಿಕದ ಗ್ಯಾಸ್ ಬಿಲ್ಲಿನ ಅಳತೆಯಾದ ಒಂದು ಥರ್ಮ್ ಸುಮಾರು 28. ಗ್ಯಾಸಿನ ದರವನ್ನು ಅದರಿಂದ ಭಾಗಿಸಿ ಕರೆಂಟಿನ ದರದ ಪಕ್ಕ ಇಡಿ. ಹೀಟ್ ಪಂಪಾದರೆ ಕರೆಂಟಿನ ದರವನ್ನು ಮೂರರಿಂದ ಭಾಗಿಸಿ ನೋಡಿ. ಕಡುಚಳಿಯ ದಿನಗಳಲ್ಲಿ ಎರಡರಿಂದ.

ಎರಡರಲ್ಲಿ ಯಾವುದನ್ನು ಹಾಕಿಸಿದರೂ ಬಿಸಿಗಾಳಿಯ ಡಕ್ಟು ಕಿತ್ತುಹಾಕಬೇಡಿ. ಬೇಸ್‌ಮೆಂಟಿಗೆ ಹೊಸ ಗಾಳಿ ಬರುವುದು ಅದರಿಂದ, ಜುಲೈ ತಿಂಗಳ ಮುಗ್ಗಲು ವಾಸನೆಗೆ ನೆಲದ ಹೀಟಿಂಗ್ ಏನೂ ಮಾಡದು, ಡಿಹ್ಯುಮಿಡಿಫೈಯರು ಬೇಕೇ ಬೇಕು.

ಗಾರೆ ಹೊಯ್ಯುವ ಹಿಂದಿನ ದಿನ ಕೆಳಗಿಳಿದು, ಎರಡು ಗೋಡೆಗಳ ಉದ್ದಕ್ಕೂ ಅಳತೆ ಟೇಪು ಬಿಚ್ಚಿ ಹಾಸಿ, ಅದರ ಅಂಕಿಗಳು ಕಾಣುವಂತೆ ಇಡೀ ನೆಲದ ಫೋಟೊ ತೆಗೆದಿಡಿ. ಮುಂದೆ ಬಾಗಿಲ ಸ್ಟಾಪರಿಗೋ, ಪಾರ್ಟಿಶನ್ ಗೋಡೆಯ ಮೊಳೆಗೋ, ಟಾಯ್ಲೆಟ್ ಬೋಲ್ಟಿಗೋ ನೆಲ ಕೊರೆಯುವ ದಿನ ಬರುತ್ತದೆ. ಫೋಟೊದ ಒಂದು ಪ್ರಿಂಟು, ಮೂರು ಸಲದ ಓಮ್ ಅಳತೆ ಅಥವಾ ಒತ್ತಡದ ಗೇಜಿನ ಅಂಕಿ, ಕೇಬಲ್ಲಿನ ಲೇಬಲ್, ಇವನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪ್ಯಾನೆಲ್ ಬಾಗಿಲಿನ ಒಳಮೈಗೆ ಅಂಟಿಸಿ.